ಮೀಟರ್ ಬದಲಿಸಿದ ಮೇಲೆ ಆರ್‌ಪಿಎಂ ಮುಳ್ಳು ಸರಿಯಾಗಿ ತೋರಿಸದಿದ್ದರೆ

ಡ್ಯಾಶ್‌ಬೋರ್ಡಿನ ಮೀಟರ್ ಬದಲಿಸಿದ್ದೀರಿ. ಸ್ಪೀಡ್ ಸರಿ ಇದೆ, ಪೆಟ್ರೋಲ್ ಮುಳ್ಳೂ ಸರಿ ಇದೆ, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ (ಆರ್‌ಪಿಎಂ) ಅಂತ ತೋರಿಸುವ ಟ್ಯಾಕೋಮೀಟರ್ ಮಾತ್ರ ಏನೇನೋ ತೋರಿಸುತ್ತಿದೆ, ಅಲ್ವಾ? ಮೀಟರ್ ಕೆಟ್ಟಿದೆ ಅಂತ ತಕ್ಷಣ ಇನ್ನೊಂದು ಹುಡುಕಲು ಹೋಗಬೇಡಿ. ಎಷ್ಟೋ ಸಲ ಮೀಟರ್ ಚೆನ್ನಾಗೇ ಇರುತ್ತದೆ, ಅದಕ್ಕೆ ಬೇಕಾದ ಸಿಗ್ನಲ್ ಸಿಗುತ್ತಿರುವುದಿಲ್ಲ ಅಷ್ಟೆ. ಏನನ್ನೂ ಬಿಚ್ಚದೆ ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಮುಳ್ಳನ್ನೇ ನೋಡಿ. ಅದು ಯಾವ ರೀತಿ ತಪ್ಪುತ್ತಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಓಬಿಡಿ ಸ್ಕ್ಯಾನರ್ ಇದ್ದರೆ ಹಾಕಿಕೊಳ್ಳಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಲೆಕ್ಕದ ಆರ್‌ಪಿಎಂ ಅದರಲ್ಲಿ ಬರುತ್ತದೆ. ಐಡಲ್‌ನಲ್ಲಿ, 2000ದಲ್ಲಿ, 3000ದಲ್ಲಿ ಮುಳ್ಳು ಎಲ್ಲಿ ನಿಂತಿತು ಅಂತ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ.

ಮುಳ್ಳು ನಯವಾಗಿ ಏರಿ ಇಳಿಯುತ್ತಿದೆ, ಆದರೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ತಪ್ಪು ಅಂದರೆ ಸಿಲಿಂಡರ್ ಲೆಕ್ಕ ಹೊಂದಿಲ್ಲ. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್‌ನಿಂದ ಸಿಗ್ನಲ್ ತೆಗೆದುಕೊಳ್ಳುವ ಟ್ಯಾಕೋಮೀಟರ್ ಕಿಡಿ ಎಣಿಸುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ಒಂದು ಸುತ್ತು ತಿರುಗಿದರೆ 4 ಸಿಲಿಂಡರ್‌ಗೆ 2 ಕಿಡಿ, 6ಕ್ಕೆ 3, 8ಕ್ಕೆ 4. ಹಾಗಾಗಿ 6 ಸಿಲಿಂಡರ್ ಕಾರಿನ ಮೀಟರ್ ತಂದು 4 ಸಿಲಿಂಡರ್ ಕಾರಿಗೆ ಹಾಕಿದರೆ 3000 ಇದ್ದಾಗ 2000 ತೋರಿಸುತ್ತದೆ, 8ರದ್ದು ಹಾಕಿದರೆ 1500. ಉಲ್ಟಾ ಮಾಡಿ 4ರ ಮೀಟರನ್ನು 6ಕ್ಕೆ ಹಾಕಿದರೆ ಅದೇ 3000 ಹೋಗಿ 4500 ಆಗುತ್ತದೆ. ಕೆಲವು ಮೀಟರುಗಳ ಹಿಂದೆ ಸಿಲಿಂಡರ್ ಆರಿಸುವ ಸಣ್ಣ ಸ್ವಿಚ್ ಇರುತ್ತದೆ, ನೋಡಿ. ಇಲ್ಲದಿದ್ದರೆ ನಡುವೆ ಸಿಗ್ನಲ್ ಎಣಿಕೆಯನ್ನು ಮೀಟರಿಗೆ ತಕ್ಕಂತೆ ಬದಲಿಸುವ ಪಲ್ಸ್ ಕನ್ವರ್ಟರ್ ಹಾಕಬೇಕು. ಇನ್ನೊಂದು ವಿಷಯ: ಪ್ರತಿ ಪ್ಲಗ್‌ಗೂ ಬೇರೆ ಕಾಯಿಲ್ ಇರುವ ಎಂಜಿನ್‌ನಲ್ಲಿ ಒಂದು ಕಾಯಿಲ್‌ನಿಂದ ಮಾತ್ರ ವೈರ್ ಎಳೆದಿದ್ದರೆ ಎರಡು ಸುತ್ತಿಗೆ ಒಂದೇ ಪಲ್ಸ್ ಸಿಗುತ್ತದೆ, 4 ಸಿಲಿಂಡರ್ ಮೀಟರ್ ಆಗ ನಿಜದ ಕಾಲು ಭಾಗ ಮಾತ್ರ ತೋರಿಸುತ್ತದೆ.

ಎಲ್ಲ ಕಡೆ ಒಂದೇ ಅಂತರ, ಉದಾಹರಣೆಗೆ ಯಾವಾಗಲೂ 300 ಜಾಸ್ತಿ ಅಂದರೆ ಮುಳ್ಳನ್ನು ತೆಗೆದು ಹಾಕುವಾಗ ತಪ್ಪು ಜಾಗದಲ್ಲಿ ಕೂರಿಸಿರಬಹುದು.

ಮುಳ್ಳು ಕುಣಿಯುತ್ತಿದೆಯಾ? ಇಂಡಿಕೇಟರ್ ಹಾಕಿ ನೋಡಿ. ಟಿಕ್ ಅಂದ ಪ್ರತಿ ಸಲವೂ ಮುಳ್ಳು ಒಂದು ಚೂರು ಜಗ್ಗಿದರೆ ಮೊದಲು ಅರ್ತ್ ಮೇಲೆ ಅನುಮಾನಪಡಿ. ಎಂಜಿನ್ ಓಡುತ್ತಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ, ಮಲ್ಟಿಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಪ್ರೋಬ್ ಮೀಟರಿನ ಅರ್ತ್ ಪಿನ್ನಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿಯಿರಿ. 0.1 ವೋಲ್ಟ್‌ಗಿಂತ ಜಾಸ್ತಿ ಬಂದರೆ ಆ ಅರ್ತ್ ಬೋಲ್ಟ್ ಬಿಚ್ಚಿ, ಬಣ್ಣ ಮತ್ತು ತುಕ್ಕು ಕೆರೆದು, ಲೋಹ ಹೊಳೆಯುವ ಹಾಗೆ ಮಾಡಿ ಮತ್ತೆ ಬಿಗಿ ಮಾಡಿ.

ಮುಳ್ಳು ಅಲ್ಲಾಡುವುದೇ ಇಲ್ಲ ಅಂದರೆ ಮೀಟರ್ ಬಿಚ್ಚಲೇಬೇಕು. ಅದಕ್ಕೂ ಮುಂಚೆ ಬ್ಯಾಟರಿ ನೆಗೆಟಿವ್ ತೆಗೆದು ಕೆಲವು ನಿಮಿಷ ಕಾಯಿರಿ, ಏರ್‌ಬ್ಯಾಗ್ ಹತ್ತಿರ ಕೈ ಹಾಕುತ್ತಿದ್ದೀರಿ. ಕಪ್ಲರ್ ಸರಿಯಾಗಿ ಕೂತಿತು ಅಂದ ಮಾತ್ರಕ್ಕೆ ಪಿನ್ನುಗಳೂ ಒಂದೇ ಅಂತ ನಂಬಬೇಡಿ. ಒಂದೇ ಮಾಡೆಲ್‌ನ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಲ್ಲೇ ಪಿನ್ ಬೇರೆ ಇರಬಹುದು. ಎರಡೂ ಮೀಟರುಗಳ ವೈರಿಂಗ್ ಚಿತ್ರ ಮುಂದಿಟ್ಟುಕೊಂಡು ಪಿನ್ ಪಿನ್ ಹೋಲಿಸಿ, ಬಾಗಿದ ಅಥವಾ ಹಸಿರುಗಟ್ಟಿದ ಪಿನ್ ಇದೆಯಾ ನೋಡಿ. ವೈರ್ ಸರಿ ಇದ್ದೂ ಸಿಗ್ನಲ್ ಇಲ್ಲದಿದ್ದರೆ ಪುಲ್‌ಅಪ್ ರೆಸಿಸ್ಟರ್ ನೆನಪಿರಲಿ. ಕೆಲವು ಇಸಿಯುಗಳು ಟ್ಯಾಕೋ ಲೈನನ್ನು ಅರ್ತ್‌ಗೆ ಎಳೆಯುತ್ತವೆ ಅಷ್ಟೆ, ಅದರ ವೋಲ್ಟೇಜ್ ಮತ್ತೆ ಮೇಲಕ್ಕೆತ್ತುವ ಈ ರೆಸಿಸ್ಟರ್ ಹಳೆಯ ಮೀಟರಿನ ಒಳಗೇ ಇದ್ದಿರಬಹುದು.

ಸಿಗ್ನಲ್ ಸಿಗಲಿಲ್ಲ ಅಂತ ಕಾಯಿಲ್ ನೆಗೆಟಿವ್‌ನಿಂದ ಸುಮ್ನೆ ವೈರ್ ಎಳೆದು ಚುಚ್ಚಬೇಡಿ! ಅಲ್ಲಿ ನೂರಾರು ವೋಲ್ಟ್‌ನ ಏಟು ಬರುತ್ತದೆ, 5 ಅಥವಾ 12 ವೋಲ್ಟ್ ಸಿಗ್ನಲ್‌ಗೆ ಮಾಡಿದ ಮೀಟರ್ ಸುಟ್ಟುಹೋಗಬಹುದು.

ಡೀಸೆಲ್‌ನಲ್ಲಿ ಕಿಡಿಯೇ ಇಲ್ಲ. ಹಳೆಯ ಡೀಸೆಲ್‌ಗಳಲ್ಲಿ ಆಲ್ಟರ್ನೇಟರಿನ ಡಬ್ಲ್ಯೂ ಟರ್ಮಿನಲ್‌ನಿಂದ ಸಿಗ್ನಲ್ ಬರುತ್ತದೆ, ಪುಲ್ಲಿ ಅಳತೆಗೆ ತಕ್ಕಂತೆ ಮೀಟರ್ ಹೊಂದಿಸಬೇಕು. ಹೊಸ ಕಾರುಗಳಲ್ಲಿ ಆರ್‌ಪಿಎಂಗೆ ಬೇರೆ ವೈರೇ ಇರುವುದಿಲ್ಲ, ಕಾರಿನ ಕಂಪ್ಯೂಟರುಗಳು ಒಂದಕ್ಕೊಂದು ಮಾಹಿತಿ ಕಳಿಸುವ ಕ್ಯಾನ್ ಲೈನಿನಲ್ಲಿ ಸಂದೇಶವಾಗಿ ಬರುತ್ತದೆ. ಅಲ್ಲಿ ಮೀಟರನ್ನು ಆ ಕಾರಿಗೆ ಕೋಡಿಂಗ್ (ಸಾಫ್ಟ್‌ವೇರ್ ಮೂಲಕ ಹೊಂದಿಸುವುದು) ಮಾಡಿಸಬೇಕಾಗಬಹುದು, ವೈರ್ ಎಷ್ಟು ಹುಡುಕಿದರೂ ಪ್ರಯೋಜನ ಇಲ್ಲ.

ಸರಿಹೋಯಿತು ಅನ್ನಿಸಿದ ಮೇಲೂ ಸ್ಕ್ರೂ ಹಾಕಬೇಡಿ. ಎಂಜಿನ್ ಬಿಸಿಯಾದ ಮೇಲೆ ಅದೇ ಮೂರು ಕಡೆ ಸ್ಕ್ಯಾನರ್ ಜೊತೆ ಇನ್ನೊಮ್ಮೆ ಹೋಲಿಸಿ, ಹೊಂದಿದರೆ ಆಮೇಲೆ ಪ್ಯಾನಲ್ ಮುಚ್ಚಿ.