ಜುಹೂದಲ್ಲಿ ಭೇಲ್‌ಪುರಿ ಬಿಟ್ಟು ಬೇರೆ ಏನೇನೋ ಇದೆ ಮಾರಾಯ್ರೆ

ಮುಂಬೈಗೆ ಬಂದ ನಮ್ಮ ಕರಾವಳಿಯವ್ರಿಗೆ ಒಂದು ಧೋರಣೆ ಇದೆ, ಸಮುದ್ರ ಏನಿದ್ರೂ ಊರಲ್ಲಿ, ಇಲ್ಲಿರೋದು ಬರೀ ಗಟಾರದ ನೀರು ಅಂತ. ನಾನು ಕುಂದಾಪುರ ಕಡೆಯವ್ನು, ಅಂಧೇರಿಯಲ್ಲಿ ಅಕೌಂಟ್ಸ್ ಕೆಲ್ಸ, ರಜೆ ಸಿಕ್ಕಾಗ ಇಳಿತದ ಹೊತ್ತು ನೋಡ್ಕೊಂಡು ಜುಹೂ, ಬಾಂದ್ರಾ ಕಡೆ ಬಂಡೆಗಳ ಮೇಲೆ ಓಡಾಡ್ತೀನಿ. ಅಲ್ಲಿ ಬಂಡೆ ಗುಂಡಿಗಳಲ್ಲಿ ನೋಡಿದ ಸಮುದ್ರ ಜೀವಿಗಳ ಫೋಟೋ ಹಾಕಿದ್ರೆ ಸಾಕು, ಇದು ಯಾವ ಅಂಡಮಾನು ಅಂತ ಕೇಳ್ತಾರೆ. ಹೇಗೆ ನೋಡೋದು ಅಂತ ಕೇಳಿದವ್ರಿಗೆಲ್ಲ ಬೇರೆ ಬೇರೆ ಹೇಳಿ ಸಾಕಾಗಿ ಇಲ್ಲಿ ಬರೀತಿದೀನಿ.

ಮೊದಲ್ನೇದು ಹೊತ್ತು. ನಮ್ಮ ಮಂಗ್ಳೂರು ಕಡೆ ಉಬ್ಬರಕ್ಕೂ ಇಳಿತಕ್ಕೂ ವ್ಯತ್ಯಾಸ ಒಂದೂವರೆ ಮೀಟರಿನ ಆಸುಪಾಸು ಅಷ್ಟೇ, ಇಲ್ಲಿ ಅಮಾವಾಸ್ಯೆ ಹುಣ್ಣಿಮೆ ಸಮಯಕ್ಕೆ ನಾಲ್ಕು ಮೀಟರ್ ಮೇಲೆ ಹೋಗತ್ತೆ. ಉತ್ತರಕ್ಕೆ ಹೋದಷ್ಟೂ ಸಮುದ್ರದ ತಳ ಅಗಲವಾಗಿ ಆಳ ಇಲ್ದೆ ಹರಡ್ಕೊಂಡಿದೆ, ಆಮೇಲೆ ಗುಜರಾತಿನ ಖಂಭಾತ್ ಕೊಲ್ಲಿ ಕಿರಿದಾಗ್ತಾ ಹೋಗತ್ತೆ, ನೀರಿಗೆ ಹೋಗೋಕೆ ಜಾಗ ಇಲ್ದೆ ಮೇಲೇರತ್ತೆ. ಅದಕ್ಕೇ ಇಲ್ಲಿ ನೀರು ಇಳಿದಾಗ ಬಯಲಾಗೋ ಬಂಡೆ ಜಾಸ್ತಿ, ನಮ್ಮೂರಲ್ಲಿ ಅಷ್ಟು ಕಾಣಲ್ಲ.

ಮೊಬೈಲಲ್ಲಿ ಟೈಡ್ ಆ್ಯಪ್ ಬೇಕಾದಷ್ಟಿವೆ, ಹಾಕ್ಕೊಳ್ಳಿ, ಆದ್ರೆ ಜುಹೂ ಕೋಳಿವಾಡದ, ಅಂದ್ರೆ ಮೀನುಗಾರರ ಕೇರಿಯ, ಮೀನು ಮಾರೋ ಮಾವ್ಶಿ ಹೇಳ್ಕೊಟ್ಟ ಲೆಕ್ಕ ನಂಗೆ ಇನ್ನೂ ಇಷ್ಟ. ತಿಥಿಯನ್ನ ಮುಕ್ಕಾಲಿನಿಂದ ಗುಣಿಸಿದ್ರೆ ಉಬ್ಬರದ ಗಂಟೆ ಬರತ್ತೆ. ಬಿದಿಗೆ ಅಂದ್ರೆ ಎರಡು ಗುಣಿಸು ಮುಕ್ಕಾಲು, ಒಂದೂವರೆ, ಸುಮಾರು ಒಂದೂವರೆಗೆ ನೀರು ಪೂರ್ತಿ ಮೇಲೆ, ಅಲ್ಲಿಂದ ಆರು ಗಂಟೆ ಚಿಲ್ಲರೆ ಆದ್ಮೇಲೆ ಇಳಿತ, ಅಂದ್ರೆ ಏಳೂವರೆ. ಗೋಡೆ ಮೇಲೆ ಕಾಲನಿರ್ಣಯ ಕ್ಯಾಲೆಂಡರ್ ನೇತು ಹಾಕಿದ್ರೆ ಆ್ಯಪ್ ಬೇಕೇ ಇಲ್ಲ. ಅಷ್ಟಮಿ ಕಡೆಗೆ ಹೋಗಿ ಪ್ರಯೋಜನ ಇಲ್ಲ, ಆಗ ನೀರು ಸರಿಯಾಗಿ ಇಳಿಯೋದೇ ಇಲ್ಲ. ಅಮಾವಾಸ್ಯೆ ದಿನವೇ ಹೋದ್ರೆ ಬೆಳಗ್ಗಿನ ಇಳಿತ ಕತ್ತಲಲ್ಲೇ ಮುಗಿದಿರತ್ತೆ. ಬಿದಿಗೆ ತದಿಗೆ ಬೆಸ್ಟು, ನೀರೂ ಚೆನ್ನಾಗಿ ಇಳಿದಿರತ್ತೆ, ಬೆಳಕೂ ಇರತ್ತೆ. ಒಂದು ಗಂಟೆ ಮುಂಚೆ ಹೋಗಿ ನೀರಿನ ಹಿಂದೆಯೇ ಇಳೀತಾ ಹೋಗ್ಬೇಕು, ನೀರು ತಿರುಗಿದ ತಕ್ಷಣ ವಾಪಸ್ ಹೊರಡ್ಬೇಕು, ಇಲ್ಲಾಂದ್ರೆ ಮುಂದೆ ನೋಡ್ತಾ ನಿಂತಿರೋವಾಗ ನೀರು ಪಕ್ಕದ ತಗ್ಗಿನಿಂದ ಬಂದು ಹಿಂದೆ ತುಂಬ್ಕೊಳತ್ತೆ.

ಕಾಲಿಗೆ ಹಿಡಿತ ಇರೋ ಹಳೇ ಶೂ. ಚಪ್ಪಲಿ ಬೇಡ, ಬಂಡೆಗೆ ಅಂಟಿರೋ ಸಿಂಪಿ ಚಿಪ್ಪಿನ ಅಂಚು ಬ್ಲೇಡೇ ಸೈ.

ಆಮೇಲೆ ನಡೀಬಾರ್ದು. ಇದನ್ನ ಹೊಸಬ್ರಿಗೆ ಅರ್ಥ ಮಾಡಿಸೋದೇ ಕಷ್ಟ. ಬೀಚಿಗೆ ಬಂದವ್ರೆಲ್ಲ ನಡೆಯೋಕೇ ಬರೋದು. ನಾನು ಒಂದು ಗುಂಡಿ ಆರಿಸ್ಕೋತೀನಿ, ಬಕೆಟಿನಷ್ಟು ನೀರಿದ್ರೂ ಸಾಕು, ನೆರಳು ಅದರ ಮೇಲೆ ಬೀಳದ ಹಾಗೆ ಕುಕ್ಕರಗಾಲಲ್ಲಿ ಕೂತ್ಕೋತೀನಿ. ಮೊದ್ಲು ಬರೀ ಪಾಚಿ. ಸ್ವಲ್ಪ ಹೊತ್ತಾದ್ಮೇಲೆ ಒಂದು ಶಂಖ ನಡೆಯೋಕೆ ಶುರು ಮಾಡತ್ತೆ, ಒಳಗೆ ಸನ್ಯಾಸಿ ಏಡಿ. ಪಾಚಿಯದೇ ತುಂಡು ಅಂದ್ಕೊಂಡಿದ್ದು ತಲೆ ಎತ್ತತ್ತೆ, ಅದು ಎಲಿಸಿಯಾ ಅನ್ನೋ ಸೀ ಸ್ಲಗ್, ಚಿಪ್ಪಿಲ್ಲದ ಸಮುದ್ರದ ಬಸವನಹುಳು, ಉಗುರಿನಷ್ಟು ಇರತ್ತೆ. ಅದು ಪಾಚಿ ತಿಂದು ಅದರ ಹಸಿರು ಕಣಗಳನ್ನ ಜೀರ್ಣ ಮಾಡ್ದೆ ಮೈಯಲ್ಲೇ ಇಟ್ಕೊಳತ್ತೆ, ಆ ಕಣಗಳು ಒಳಗೂ ಬಿಸಿಲಿಗೆ ಕೆಲ್ಸ ಮಾಡ್ತಾ ಇರ್ತವೆ. ಹಿಂದೆ ಜುಹೂ ಹೋಟೆಲುಗಳ ಸಾಲು, ಮೇಲೆ ವಿಮಾನ, ಇಲ್ಲಿ ಇದು.

ಈಗ ನನ್ನ ತಕರಾರಿಗೆ ಬರ್ತೀನಿ. ನಮ್ಮವ್ರದ್ದೇ ಒಂದು ಸಂಘ ಬೀಚ್ ಕ್ಲೀನಿಂಗ್ ಇಟ್ಕೊಂಡಿತ್ತು, ಟೀ ಶರ್ಟು, ಗ್ಲೌಸು, ಬ್ಯಾನರು ಎಲ್ಲ ಇತ್ತು, ಒಳ್ಳೇ ಕೆಲ್ಸ, ಇಲ್ಲ ಅನ್ನಲ್ಲ. 2015ರಲ್ಲಿ ವೆರ್ಸೋವಾದಲ್ಲಿ ವಕೀಲ ಅಫ್ರೋಜ್ ಶಾ ಕಸ ಎತ್ತೋಕೆ ಶುರು ಮಾಡಿದ್ರು, 2018ರಲ್ಲಿ ಅದೇ ಬೀಚಲ್ಲಿ ಆಲಿವ್ ರಿಡ್ಲಿ ಆಮೆ ಮರಿಗಳು ಕಾಣಿಸ್ಕೊಂಡ್ವು, ಹಾಗಾಗಿ ಕಸ ಎತ್ತೋದಕ್ಕೆ ನನ್ನ ಜಗಳ ಇಲ್ಲ. ಆದ್ರೆ ಅವತ್ತು ಒಂದು ಹುಡುಗಿ ಚೀಲದಿಂದ ಒಂದು ತುಂಡು ತೆಗೆದು "ಅಣ್ಣಾ, ಇದು ಟೈರಿನ ತುಂಡಾ, ರಬ್ಬರ್ ವಾಷರಾ, ಒಣ ಕಸಕ್ಕೇ ಹಾಕ್ಲಾ" ಅಂತ ಕೇಳಿದ್ಳು. ನೋಡಿದ್ರೆ ಮೂನ್ ಸ್ನೇಲಿನ ಮೊಟ್ಟೆ! ಅವಳ ಚೀಲದಲ್ಲಿ ಇನ್ನೂ ಒಂದಷ್ಟಿದ್ವು, ಬೇರೆಯವ್ರ ಚೀಲಗಳಲ್ಲೂ ಇದ್ವು.

ಈ ಮೂನ್ ಸ್ನೇಲ್ ಅನ್ನೋದು ಗುಂಡಗೆ ನುಣ್ಣಗೆ ಇರೋ ಶಂಖದ ಜೀವಿ. ಅದು ಲೋಳೆಗೆ ಮರಳು ಕಲಸಿ, ನಡುವೆ ಮೊಟ್ಟೆ ಇಟ್ಟು, ಅಂಗಿ ಕಾಲರ್ ಬಗ್ಗಿಸಿದ ಆಕಾರದಲ್ಲಿ ಒಂದು ಪಟ್ಟಿ ಮಾಡತ್ತೆ. ಒದ್ದೆ ಇದ್ದಾಗ ಬಗ್ಗತ್ತೆ, ಬಣ್ಣ ಪೂರ್ತಿ ಮರಳಿನದ್ದೇ, ಬೆಳಕಿಗೆ ಹಿಡಿದ್ರೆ ಒಳಗೆ ಸಣ್ಣ ಸಣ್ಣ ಚುಕ್ಕಿ ಕಾಣತ್ತೆ. ಮರಿ ಹೊರಬಂದ್ಮೇಲೆ ಪಟ್ಟಿ ತಾನೇ ಪುಡಿಯಾಗಿ ಹೋಗತ್ತೆ, ಹಾಗಾಗಿ ಬಗ್ಗೋ ಹಾಗೆ ಇಡಿಯಾಗಿ ಇದೆ ಅಂದ್ರೆ ಇನ್ನೂ ಮೊಟ್ಟೆ ಇದೆ ಅಂತ ಲೆಕ್ಕ. ಬೀಚಲ್ಲಿ ಸಿಗೋ ಕಪ್ಪೆಚಿಪ್ಪಲ್ಲಿ ಡ್ರಿಲ್ ಹೊಡೆದ ಹಾಗೆ ಒಂದು ದುಂಡು ತೂತು ಇರತ್ತಲ್ಲ, ಮಕ್ಕಳು ಅದಕ್ಕೆ ದಾರ ಹಾಕಿ ಸರ ಮಾಡ್ತಾರೆ, ಆ ತೂತು ಹೆಚ್ಚಾಗಿ ಇದೇ ಮೂನ್ ಸ್ನೇಲಿನ ಕೆಲ್ಸ, ಗಂಟೆಗಟ್ಟಲೆ ಕೂತು ಆಸಿಡ್ ಬಿಟ್ಟು ನಾಲಿಗೆಯಲ್ಲಿ ಕೆರೆದು ಒಳಗಿರೋದನ್ನ ತಿಂದಿರತ್ತೆ. ಅವತ್ತು ನಾನೂ ಆ ಹುಡುಗಿಯೂ ಚೀಲಗಳನ್ನೆಲ್ಲ ಮರಳಿಗೆ ಸುರುವಿ ಆರಿಸಿ ವಾಪಸ್ ನೀರಂಚಿಗೆ ಇಟ್ವಿ, ಬ್ಯಾನರ್ ಹಿಡಿದಿದ್ದ ಯಜಮಾನ್ರಿಗೆ ಗ್ರೂಪ್ ಫೋಟೋಗೆ ಲೇಟಾಯ್ತು ಅಂತ ಸಿಟ್ಟು.

ಅದಕ್ಕೆ ನಾನು ಹೇಳೋದು, ಚೀಲ ಹಿಡ್ಕೊಂಡು ಇಳಿಯೋ ಮುಂಚೆ ಒಂದ್ಸಲ ಬರಿಗೈಯಲ್ಲಿ ಇಳೀರಿ, ಅಲ್ಲಿ ಯಾರ್ಯಾರಿದಾರೆ ಅಂತ ನೋಡಿ. 2017ರಲ್ಲಿ ಶುರುವಾದ ಮರೀನ್ ಲೈಫ್ ಆಫ್ ಮುಂಬೈ ಅನ್ನೋ ಗುಂಪಿನವ್ರು ಶೋರ್ ವಾಕ್, ಅಂದ್ರೆ ದಡದ ಜೀವಿ ತೋರಿಸೋ ನಡಿಗೆ, ಮಾಡಿಸ್ತಾರೆ, ಒಂದ್ಸಲ ಅವ್ರ ಜೊತೆ ಹೋದ್ರೆ ಕಣ್ಣು ಪಳಗತ್ತೆ. ಖಾಲಿ ಶಂಖನೂ ಮನೆಗೆ ತರ್ಬೇಡಿ, ಸನ್ಯಾಸಿ ಏಡಿ ಬೆಳೆದ ಹಾಗೆ ದೊಡ್ಡ ಶಂಖಕ್ಕೆ ಶಿಫ್ಟ್ ಆಗ್ಬೇಕು, ಶೋಕೇಸಲ್ಲಿ ಇಟ್ರೆ ಅದು ಎಲ್ಲಿಗೆ ಹೋಗತ್ತೆ. ಮುಂಬೈಯಲ್ಲಿ ಮನೆ ಸಿಗದ ಕಷ್ಟ ನಮಗೆ ಗೊತ್ತಿಲ್ವಾ!

ಹವಳದ ವಿಷ್ಯ ಬೇರೆ. ಹೌದು, ಮುಂಬೈ ಬಂಡೆಗಳ ಮೇಲೂ ಹವಳ ಇದೆ, ಕೋಸ್ಟಲ್ ರೋಡ್ ಕಟ್ಟೋವಾಗ ವರ್ಳಿ ಮತ್ತೆ ಹಾಜಿ ಅಲಿಯಿಂದ ಹವಳದ ಕಾಲೊನಿಗಳನ್ನ ಎತ್ತಿ ಬೇರೆ ಕಡೆ ಕೂರಿಸಿದ್ರು. ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಲ್ಲಿದೆ, ಹುಲಿಯೂ ಅದರಲ್ಲೇ ಇರೋದು. ದಡಕ್ಕೆ ಬಂದು ಬಿದ್ದ ತುಂಡೇ ಆದ್ರೂ ಅಕ್ವೇರಿಯಂಗೆ ಅಂತ ತಗೊಂಡು ಹೋಗ್ಬೇಡಿ.

ಯಾವ ಜೀವಿನೂ ಸುಮ್ನೆ ಮುಟ್ಟೋದಂತೂ ಬೇಡವೇ ಬೇಡ. ಮರಳಿರೋ ಕಡೆ ನೀರಲ್ಲಿ ಕಾಲು ಎತ್ತಿ ಇಡ್ಬೇಡಿ, ಎಳೀತಾ ನಡೀರಿ, ತೊರಕೆ ಮೀನು ಮರಳಲ್ಲಿ ಹೂತು ಕೂತಿರತ್ತೆ, ಸದ್ದಾದ್ರೆ ತಾನೇ ಜಾರ್ಕೊಳತ್ತೆ, ಮೇಲೆ ಕಾಲಿಟ್ರೆ ಬಾಲದ ಮುಳ್ಳಲ್ಲಿ ಚುಚ್ಚತ್ತೆ, 2013ರ ಗಣಪತಿ ವಿಸರ್ಜನೆಲಿ ಗಿರ್ಗಾಂವ್ ಚೌಪಾಟಿಯಲ್ಲಿ ಎಷ್ಟೋ ಜನಕ್ಕೆ ಹೀಗೇ ಆಗಿತ್ತು. ಮಳೆಗಾಲದಲ್ಲಿ ಬಂಡೆ ಕಡೆ ಹೋಗ್ಲೇಬೇಡಿ. ಆಗ ದಡಕ್ಕೆ ಬೀಳೋ ನೀಲಿ ಬಲೂನಿನಂಥ ಬ್ಲೂ ಬಾಟಲ್ ಅನ್ನೋ ಜೆಲ್ಲಿಫಿಶ್ ಥರದ ಜೀವಿ ಸತ್ತಿದ್ರೂ ಅದರ ದಾರ ಚುರುಕ್ ಅನ್ಸತ್ತೆ, ತಾಗಿದ್ರೆ ಉಜ್ಜದೆ ಸಮುದ್ರದ ನೀರಲ್ಲೇ ತೊಳೆದು, ದಾರ ಬಿಡಿಸಿ, ತಡೆಯೋವಷ್ಟು ಬಿಸಿ ನೀರಲ್ಲಿ ಅದ್ದಿಟ್ಟು ಡಾಕ್ಟರ ಹತ್ರ ಹೋಗಿ.

ಶುರು ಮಾಡೋರಿಗೆ ದೀಪಾವಳಿ ಒಳ್ಳೇ ಸಮಯ, ಅಣ್ಣ ತಂಗಿಯರ ಹಬ್ಬ ಭಾವುಬೀಜ್ ಅಂದ್ರೇ ಬಿದಿಗೆ, ಆಫೀಸೂ ರಜ. ಅಂಧೇರಿ, ಜೋಗೇಶ್ವರಿ ಕಡೆಯವ್ರು ಬರೋದಾದ್ರೆ ಆರೂವರೆಗೆ ಜುಹೂ ಕೋಳಿವಾಡದ ಹತ್ರ ಸಿಗ್ತೀನಿ, ಆರತಿ ಗೀರತಿ ಎಲ್ಲ ಹತ್ತು ಗಂಟೆ ಮೇಲೆ ಇಟ್ಕೊಳ್ಳಿ ಅಂತ ತಂಗಿಗೆ ಮೊದ್ಲೇ ಹೇಳಿಡಿ.