ಸುರತ್ಕಲ್ ಸೆಕೆಯಲ್ಲಿ ಹಳೇ ಕಾರ್ಡ್ ಪಳಗಿಸಿದ್ದು: ವೋಲ್ಟೇಜ್ ಇಳಿಸಿ ಫ್ರೇಮ್ ಹಿಡಿದ ನನ್ನ ಅನುಭವ

ನನ್ನದು ಹೊಸ ಗ್ರಾಫಿಕ್ಸ್ ಕಾರ್ಡ್ ಅಲ್ಲ. ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 ಟಿಐ, ಎರಡು ಫ್ಯಾನಿನದ್ದು. ಹದಿನೆಂಟು ಸಾವಿರದ ಹತ್ತಿರ ಕೊಟ್ಟೆ. ಜೊತೆಗೆ ರೈಜನ್ 5 5600 ಪ್ರೊಸೆಸರ್, 16 ಜಿಬಿ ರ‍್ಯಾಮ್, 1440ಪಿ ಮಾನಿಟರ್. ರೂಮಿಗೆ ಎಸಿ ಇಲ್ಲ, ಮೇಲೆ ಹಂಚು. ಏಪ್ರಿಲ್ ಮಧ್ಯಾಹ್ನ ಒಳಗೆ 33, 34 ಡಿಗ್ರಿ ಇರುತ್ತದೆ, ಸಮುದ್ರದ ಕಡೆಯ ತೇವ ಬೇರೆ. ಯೂಟ್ಯೂಬ್‌ನಲ್ಲಿ ತೋರಿಸುವ ಅಂಕಿಗಳು ಹೆಚ್ಚಿನವು ತಣ್ಣಗಿನ ರೂಮಿನವು. ಅದನ್ನು ನಂಬಿ ಇಲ್ಲಿ ಸೆಟ್ಟಿಂಗ್ ಇಟ್ಟರೆ ಅರ್ಧ ಗಂಟೆಯಲ್ಲಿ ಆಟ ಎಳೆಯಲು ಶುರು.

ವೋಲ್ಟೇಜ್ ಕಮ್ಮಿ ಮಾಡಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಜಾಸ್ತಿ ಮಾಡುತ್ತೇನೆ ಅಂದಾಗ ನಮ್ಮ ಗ್ಯಾಂಗಿನವರೆಲ್ಲ ನಕ್ಕರು. ಒಬ್ಬ ತುಳುವಿನಲ್ಲಿ "ಆಪುಜಿ ಮಾರಾಯ", ಆಗುವುದಿಲ್ಲ ಅಂದ. ಮಂಗಳೂರಿನ ಹಂಪನಕಟ್ಟೆ ಕಡೆ ರಿಪೇರಿ ಕೆಲಸ ಮಾಡುವ ಅಣ್ಣ ಒಬ್ಬರಿದ್ದಾರೆ, ಅವರು "ಪೆಟ್ರೋಲ್ ಕಮ್ಮಿ ಹಾಕಿ ಬೈಕ್ ಸ್ಪೀಡಾಗಿ ಓಡಿಸ್ತೀಯಾ?" ಅಂತ ಕೇಳಿದರು. ಈಗ ಅವರೇ ಕಸ್ಟಮರ್‌ಗಳ ಕಾರ್ಡ್‌ಗೆ ಇದನ್ನೇ ಮಾಡಿ ಕೊಡುತ್ತಾರೆ, ಅದಕ್ಕೆ ಚಾರ್ಜೂ ಹಾಕುತ್ತಾರೆ. ನನಗೆ ಒಂದು ಚಾ ಕೂಡ ಇಲ್ಲ.

ಮೊದಲು ಕಾರ್ಡಿನ ಸ್ಥಿತಿ ಹೇಳಬೇಕು. ಸ್ಟಾಕ್‌ನಲ್ಲಿ (ಏನೂ ಬದಲಿಸದೆ) ಇದು 200 ವ್ಯಾಟ್ ಎಳೆಯುತ್ತದೆ. ಆಟ ಶುರುವಾದಾಗ ಕ್ಲಾಕ್, ಅಂದರೆ ಚಿಪ್ಪಿನ ವೇಗ, 1920 ಮೆಗಾಹರ್ಟ್ಸ್ ಆಸುಪಾಸು. ಇಪ್ಪತ್ತು ನಿಮಿಷ ಕಳೆದರೆ 83 ಡಿಗ್ರಿ ಮುಟ್ಟಿ, ಮೆಟ್ಟಿಲು ಇಳಿದಂತೆ 15-15 ಮೆಗಾಹರ್ಟ್ಸ್ ಬಿಡುತ್ತಾ ಬಂದು 1750ರ ಹತ್ತಿರ ಕೂರುತ್ತದೆ. ಹಾಟ್‌ಸ್ಪಾಟ್ (ಚಿಪ್ಪಿನಲ್ಲಿ ಅತಿ ಬಿಸಿಯಾದ ಜಾಗ) 100 ದಾಟುತ್ತದೆ. ರೆಡ್ ಡೆಡ್ 2 ಆಟದೊಳಗಿನ, ವೇಗ ಅಳೆಯುವ ಬೆಂಚ್‌ಮಾರ್ಕ್‌ನಲ್ಲಿ ಮೊದಲ ಓಟಕ್ಕೆ 76 ಫ್ರೇಮ್ ಬಂದದ್ದು ಬಿಸಿಯಾದ ಮೇಲೆ 69ಕ್ಕೆ ಇಳಿಯಿತು. ಅದೇ ಕಾರ್ಡ್, ಅದೇ ಸೆಟ್ಟಿಂಗ್. ಸ್ಕ್ರೀನ್‌ಶಾಟ್ ಹಾಕುವವರು ಯಾವಾಗಲೂ ಮೊದಲ ಓಟದ್ದನ್ನೇ ಹಾಕುತ್ತಾರೆ, ಅಲ್ವಾ?

ಎಲ್ಲರೂ ಹೇಳಿದ್ದು ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಬದಲಿಸು ಅಂತ. ಬದಲಿಸಿದೆ. ಪೇಸ್ಟಿಗೆ ಆರೇಳು ನೂರು, ಮೆಮೊರಿ ಮೇಲೆ ಕೂರುವ ಪ್ಯಾಡಿಗೆ ಸಾವಿರದ ಮೇಲೆ. ಕಥೆ ಇಲ್ಲೇ ಹಾಳಾಯಿತು. 1 ಎಂಎಂ ದಪ್ಪದ ಪ್ಯಾಡ್ ಕೇಳಿದರೆ ಅಂಗಡಿಯವರು ಕೊಟ್ಟದ್ದು 1.5, "ಒತ್ತಿದರೆ ಕೂರುತ್ತದೆ" ಅಂತ ಭರವಸೆ. ಕೂರಲಿಲ್ಲ. ಮೆಮೊರಿ ತಣ್ಣಗಿತ್ತು, ಆದರೆ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಸರಿಯಾಗಿ ಒತ್ತದೆ ಹಾಟ್‌ಸ್ಪಾಟ್ ಇನ್ನೂ ಮೇಲೆ ಹೋಯಿತು. ಮತ್ತೆ ಬಿಚ್ಚಿ, ಮತ್ತೆ ಪ್ಯಾಡ್ ತರಿಸಿ, ಮತ್ತೆ ಪೇಸ್ಟ್ ಬಳಿದು, ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ ಹೋಯಿತು. ಸಿಕ್ಕಿದ್ದು ನಾಲ್ಕು ಡಿಗ್ರಿ, ಎರಡು ಫ್ರೇಮ್. ಸೈಡ್ ಪ್ಯಾನೆಲ್ ತೆಗೆದು ಟೇಬಲ್ ಫ್ಯಾನ್ ಇಟ್ಟೂ ನೋಡಿದೆ. ಅದರಿಂದ ಐದು ಡಿಗ್ರಿ ಬಿತ್ತು, ನಿಜ. ಆದರೆ ನಮ್ಮಲ್ಲಿ ರಸ್ತೆಯ ಧೂಳು, ಸಮುದ್ರದ ಉಪ್ಪುಗಾಳಿ ಎರಡೂ ಉಂಟು. ಕಾರ್ಡಿನ ಹಿಂದಿನ ಬ್ರ್ಯಾಕೆಟ್‌ಗೆ ಆಗಲೇ ತುಕ್ಕು ಕಂಡಿತ್ತು, ಇನ್ನು ಕ್ಯಾಬಿನೆಟ್ ತೆರೆದಿಡುವುದು ಬೇಡ ಅಂತ ಬಿಟ್ಟೆ.

ಆಮೇಲೆ ಆಫ್ಟರ್‌ಬರ್ನರ್ ಸಾಫ್ಟ್‌ವೇರ್‌ನ ಕರ್ವ್ (ಯಾವ ವೋಲ್ಟೇಜ್‌ಗೆ ಎಷ್ಟು ಕ್ಲಾಕ್ ಅನ್ನುವ ಗೆರೆ) ಹಿಡಿದೆ. ಕರ್ವ್ ಎಳೆಯುವುದು ನಿಮಗೆಲ್ಲ ಗೊತ್ತು, ಅದನ್ನು ಬರೆಯುವುದಿಲ್ಲ. 1830 ಮೆಗಾಹರ್ಟ್ಸ್, 850 ಮಿಲಿವೋಲ್ಟ್, ಅದರಾಚೆ ಚಪ್ಪಟೆ. ಕಾರ್ಡ್ 200ರಿಂದ 150 ವ್ಯಾಟ್ ಹತ್ತಿರ ಬಂತು. ಬಿಸಿ 72. ಬೆಂಚ್‌ಮಾರ್ಕ್ 74, ಬೆಳಿಗ್ಗೆಯೂ 74, ಮಧ್ಯಾಹ್ನ ಮೂರಕ್ಕೂ 74, ಗಂಟೆಗಟ್ಟಲೆ ಆಡಿದ ಮೇಲೂ 74. ಮೊದಲ ಓಟದ 76 ಎಲ್ಲಿ ಹೋಯಿತು ಅಂತ ಕೇಳುವವರಿಗೆ: ಅದು ಇದ್ದದ್ದೇ ಹತ್ತು ನಿಮಿಷ. ಒನ್ ಪರ್ಸೆಂಟ್ ಲೋ (ಅತಿ ನಿಧಾನದ ಒಂದು ಶೇಕಡಾ ಫ್ರೇಮ್‌ಗಳ ಅಂಕಿ) ಮಾತ್ರ 50ರಿಂದ 57ಕ್ಕೆ ಏರಿತು, ಕೈಗೆ ಗೊತ್ತಾಗುವುದು ಅದು.

ಒಂದು ವಿಷಯ ಯಾರೂ ಹೇಳುವುದಿಲ್ಲ. ಕರ್ವ್ ಇಡುವಾಗ ಕಾರ್ಡ್ ಬಿಸಿಯಾಗಿರಲಿ. ತಣ್ಣಗಿದ್ದಾಗ 1830 ಇಟ್ಟರೆ ಬಿಸಿಯಾದ ಮೇಲೆ ಅದು ಸುಮ್ನೆ 1800ಕ್ಕೆ ಜಾರುತ್ತದೆ, ಆಮೇಲೆ ನೀವು ಸೆಟ್ಟಿಂಗ್‌ನಿಂದ ಫ್ರೇಮ್ ಹೋಯಿತು ಅಂದುಕೊಳ್ಳುತ್ತೀರಿ.

ದುರಾಸೆ ಯಾರಿಗಿಲ್ಲ? 800 ಮಿಲಿವೋಲ್ಟ್‌ಗೆ 1860 ಕೇಳಿ ನೋಡಿದೆ. ರೆಡ್ ಡೆಡ್ ಆರಾಮಾಗಿ ಓಡಿತು, ಬೆಂಚ್‌ಮಾರ್ಕ್ ಎಷ್ಟು ಸಲ ಹಾಕಿದರೂ ಪಾಸ್. ಸೈಬರ್‌ಪಂಕ್‌ನಲ್ಲಿ ರೇ ಟ್ರೇಸಿಂಗ್ (ಬೆಳಕಿನ ಕಿರಣ ಲೆಕ್ಕ ಹಾಕುವ, ಕಾರ್ಡಿಗೆ ಭಾರವಾದ ಸೆಟ್ಟಿಂಗ್) ಆನ್ ಮಾಡಿ ಆಡುತ್ತಾ ಕೂತೆ, ಗಂಟೆ ಕಳೆಯುವುದರೊಳಗೆ ಡೆಸ್ಕ್‌ಟಾಪ್‌ಗೆ ಬಿತ್ತು. ಅಂದಿನಿಂದ ರೇ ಟ್ರೇಸಿಂಗ್ ಇಲ್ಲದೆ ಸ್ಟೇಬಲ್ ಅನ್ನುವವರ ಮಾತು ನಾನು ನಂಬುವುದಿಲ್ಲ. ನನ್ನ ಪರೀಕ್ಷೆ ಸೈಬರ್‌ಪಂಕ್, ರೇ ಟ್ರೇಸಿಂಗ್ ಆನ್, ಮಧ್ಯಾಹ್ನದ ಸೆಕೆ.

ಇದರ ನಿಜವಾದ ಲಾಭ ಗೊತ್ತಾದದ್ದು ಸೆಟ್ಟಿಂಗ್ ಪರೀಕ್ಷೆಗೆ ಕೂತಾಗ. ಮೊದಲೆಲ್ಲ ಬೆಳಿಗ್ಗೆ ಶ್ಯಾಡೋ ಕಮ್ಮಿ ಮಾಡಿ ನೋಡಿದರೆ ಆರು ಫ್ರೇಮ್ ಜಾಸ್ತಿ, ಮಧ್ಯಾಹ್ನ ಅದನ್ನೇ ಮಾಡಿದರೆ ಒಂದೂ ಇಲ್ಲ. ಶ್ಯಾಡೋದ್ದು ಎಷ್ಟು, ಸೆಕೆಯದ್ದು ಎಷ್ಟು ಅಂತ ಬಿಡಿಸುವುದು ಹೇಗೆ ಮಾರಾಯ್ರೆ? ಹಾಗೆ ಬರೆದಿಟ್ಟ ಒಂದು ಇಡೀ ಎಕ್ಸೆಲ್ ಫೈಲ್ ಡಿಲೀಟ್ ಮಾಡಿದೆ. ಕ್ಲಾಕ್ ಒಂದೇ ಕಡೆ ನಿಂತ ಮೇಲೆ ಮಾತ್ರ ಅಂಕಿಗಳು ಒಂದಕ್ಕೊಂದು ಹೊಂದಿದವು. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್. ಮೊದಲ ಓಟ ಲೆಕ್ಕಕ್ಕಿಲ್ಲ. ಬೆಂಚ್‌ಮಾರ್ಕ್ ಕೊನೆಯಲ್ಲಿ ತೋರಿಸುವ ಮಿನಿಮಮ್ ನಾನು ನೋಡುವುದೇ ಇಲ್ಲ, ಒಂದೇ ಒಂದು ಫ್ರೇಮ್ ಸಿಕ್ಕಿಹಾಕಿಕೊಂಡರೂ ಅದು ಪಾತಾಳಕ್ಕೆ ಹೋಗುತ್ತದೆ. ಫ್ರೇಮ್ ಅಳೆಯಲು ಕ್ಯಾಪ್‌ಫ್ರೇಮ್‌ಎಕ್ಸ್ ಸಾಫ್ಟ್‌ವೇರ್ ಸಾಕು.

ಲೆಕ್ಕವನ್ನು ಎಫ್‌ಪಿಎಸ್‌ನಲ್ಲಿ ಇಡಬೇಡಿ, ಮಿಲಿಸೆಕೆಂಡ್‌ನಲ್ಲಿ ಇಡಿ. 60ರಿಂದ 70ಕ್ಕೆ ಹೋದರೆ ಒಂದು ಫ್ರೇಮಿಗೆ 2.4 ಮಿಲಿಸೆಕೆಂಡ್ ಉಳಿಯಿತು, 120ರಿಂದ 130ಕ್ಕೆ ಹೋದರೆ 0.6 ಮಾತ್ರ. ಎರಡೂ ಹತ್ತು ಫ್ರೇಮ್ ಅಂತ ಖುಷಿಪಡುವವರೇ ಜಾಸ್ತಿ. ಮಿಲಿಸೆಕೆಂಡ್‌ನಲ್ಲಿ ಬರೆದರೆ ಯಾವ ಸೆಟ್ಟಿಂಗ್‌ಗೆ ಎಷ್ಟು ದುಡ್ಡು ಅಂತ ಅಂಗಡಿ ಚೀಟಿಯ ಹಾಗೆ ಹೆಚ್ಚುಕಮ್ಮಿ ಕೂಡಿಸಬಹುದು.

ನನ್ನ ಚೀಟಿಯಲ್ಲಿ, ನೆನಪಿನಿಂದ ಹೇಳುವುದಾದರೆ, ರೆಡ್ ಡೆಡ್‌ನಲ್ಲಿ ಎಂಎಸ್‌ಎಎ 4ಎಕ್ಸ್ (ಅಂಚು ನಯ ಮಾಡುವ ಸೆಟ್ಟಿಂಗ್) ಒಂದೇ ಆರು ಮಿಲಿಸೆಕೆಂಡ್ ನುಂಗುತ್ತದೆ. ಅದನ್ನು ಆನ್ ಮಾಡಿ ಕಾರ್ಡ್ ಸಾಲದು ಅನ್ನುವವರಿಗೆ ನಮಸ್ಕಾರ. ವಾಲ್ಯೂಮೆಟ್ರಿಕ್ (ಮಂಜು, ಅದರೊಳಗಿನ ಬೆಳಕು) ಅಲ್ಟ್ರಾದಿಂದ ಮೀಡಿಯಂಗೆ ಇಳಿಸಿದರೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ, ಮಂಜಿನ ಬೆಳಗ್ಗೆಯ ಸೀನ್‌ನಲ್ಲಿ ಹುಡುಕಿದರೆ ವ್ಯತ್ಯಾಸ ಕಾಣಬಹುದು. ವಾಟರ್ ಫಿಸಿಕ್ಸ್ ಅರ್ಧಕ್ಕೆ ತಂದರೆ ನೀರಿನ ಹತ್ತಿರ ಮಾತ್ರ ಲಾಭ. ನಾನು ಹೊಳೆ ಬದಿಯಲ್ಲಿ ಮೀನು ಹಿಡಿಯುತ್ತಾ ಕೂರುವವನು, ಹಾಗಾಗಿ ಇಳಿಸಿದೆ. ಅನಿಸೊಟ್ರೊಪಿಕ್ 16ಎಕ್ಸ್ (ಓರೆಯಾಗಿ ಕಾಣುವ ನೆಲ, ಗೋಡೆ ಸ್ಪಷ್ಟ ಮಾಡುವುದು) ಬಹುತೇಕ ಪುಕ್ಕಟೆ, ಅದನ್ನು ಮುಟ್ಟಬೇಡಿ. ಎಲ್ಲ ಸೇರಿ ಈಗ 88ರ ಹತ್ತಿರ ಓಡುತ್ತದೆ, ಪಕ್ಕದಲ್ಲಿ ಕೂತು ನೋಡಿದವರಿಗೆ ಏನು ಕಮ್ಮಿ ಮಾಡಿದ್ದು ಅಂತ ಗೊತ್ತಾಗಿಲ್ಲ. ಸೈಬರ್‌ಪಂಕ್‌ನಲ್ಲಿ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ (ಪ್ರತಿಬಿಂಬ) ಸೆಟ್ಟಿಂಗ್‌ಗೆ ಸೈಕೋ ಅಂತ ಒಂದುಂಟು, ಹೆಸರಿಗೆ ತಕ್ಕ ಹಾಗೆಯೇ ತಿನ್ನುತ್ತದೆ. ಹೈಗೆ ತಂದುಬಿಡಿ.

ಟೆಕ್ಸ್ಚರ್ (ಮೇಲ್ಮೈ ಚಿತ್ರಗಳ ಗುಣಮಟ್ಟ) ಬಗ್ಗೆ ಜಗಳ ತುಂಬಾ ಆಗುತ್ತದೆ. ವಿರ‍್ಯಾಮ್ (ಕಾರ್ಡಿನದ್ದೇ ಮೆಮೊರಿ) ಇರುವವರೆಗೆ ಅದಕ್ಕೆ ಖರ್ಚೇ ಇಲ್ಲ. ಹೈ, ಅಲ್ಟ್ರಾ ಎರಡಕ್ಕೂ ಒಂದೇ ಅಂಕಿ. ಆದರೆ 8 ಜಿಬಿ ತುಂಬಿತೋ, ಸರಾಸರಿ ಎಫ್‌ಪಿಎಸ್ ಚೆನ್ನಾಗಿಯೇ ಕಾಣುತ್ತದೆ, ಕ್ಯಾಮೆರಾ ತಿರುಗಿಸಿದಾಗ ಮಾತ್ರ ಗಕ್ಕನೆ ನಿಲ್ಲುತ್ತದೆ. ಕ್ರೋಮ್ ಮುಚ್ಚಿದರೆ ಸ್ವಲ್ಪ ಜಾಗ ಸಿಗುತ್ತದೆ, ತಮಾಷೆ ಅಲ್ಲ.

ನಡುವೆ ಒಂದು ಅಡ್ಡದಾರಿ. ಮಣಿಪಾಲದಲ್ಲಿ ಓದುವ ನನ್ನ ಚಿಕ್ಕಮ್ಮನ ಮಗ ವ್ಯಾಲರಂಟ್ ಆಟಕ್ಕೆ ಫ್ರೇಮ್ ಸಾಲದು, ಕಾರ್ಡ್ ಬದಲಿಸಬೇಕು ಅಂತ ಮನೆಯಲ್ಲಿ ಹಠ ಹಿಡಿದಿದ್ದ. ಹೋಗಿ ನೋಡಿದರೆ ಕಾರ್ಡಿನ ಜಿಪಿಯು ಯೂಸೇಜ್ 50 ಪರ್ಸೆಂಟ್ ಕೂಡ ಇಲ್ಲ. ಸಿಪಿಯು ಕಡೆ ಸಿಕ್ಕಿಕೊಂಡ ಆಟಕ್ಕೆ ಗ್ರಾಫಿಕ್ಸ್ ಸೆಟ್ಟಿಂಗ್ ಇಳಿಸಿ ಏನು ಪ್ರಯೋಜನ? ಒಂದೇ ರ‍್ಯಾಮ್ ಸ್ಟಿಕ್, ಅದೂ 2400ರಲ್ಲಿ ಓಡುತ್ತಿತ್ತು. ಇನ್ನೊಂದು ಸ್ಟಿಕ್ ಹಾಕಿ, ಎಕ್ಸ್‌ಎಂಪಿ (ಸ್ಟಿಕ್ ಅನ್ನು ಅದರ ಪೂರ್ತಿ ವೇಗಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಿ 3200ಕ್ಕೆ ತಂದೆ. ಎರಡು ಸಾವಿರದೊಳಗೆ ಕೆಲಸ ಮುಗಿಯಿತು, ಫ್ರೇಮ್ ಕಾಲು ಪಾಲು ಮೇಲೆ ಹೋಯಿತು. ಚಿಕ್ಕಮ್ಮ ಮೂವತ್ತು ಸಾವಿರ ಉಳಿಯಿತು ಅಂತ ಇವತ್ತಿಗೂ ಹೇಳುತ್ತಾರೆ.

ಕರೆಂಟಿನ ವಿಷಯಕ್ಕೆ ಬಂದರೆ, ಗೋಡೆಗೆ ಹಾಕುವ ವ್ಯಾಟ್ ಮೀಟರ್ ಒಂದು ಸಾವಿರಕ್ಕೆ ತಂದಿದ್ದೆ. ಮಾನಿಟರ್ ಸೇರಿ ಮೊದಲು 340ರ ಹತ್ತಿರ ಇದ್ದದ್ದು ಈಗ 280ಕ್ಕೆ ನಿಂತಿದೆ. ಬಿಲ್ಲಿನಲ್ಲಿ ದೊಡ್ಡ ಉಳಿತಾಯ ಅಂದುಕೊಳ್ಳಬೇಡಿ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ ಐದೂವರೆ ಯೂನಿಟ್, ಮೂವತ್ತು ರೂಪಾಯಿ ಚಿಲ್ಲರೆ. ಒಂದು ಪ್ಲೇಟ್ ನೀರುದೋಸೆ. ಗೃಹಜ್ಯೋತಿ ಇದ್ದವರಿಗೆ ಅದೂ ಕಾಣುವುದಿಲ್ಲ. ಆದರೆ ಯುಪಿಎಸ್ ಇದೆಯಲ್ಲ, ನನ್ನದು 600 ವಿಎ, ಅಂದರೆ 360 ವ್ಯಾಟ್. ಮಳೆಗಾಲದಲ್ಲಿ ಕರೆಂಟ್ ಹೋದ ಕೂಡಲೇ ಒಂದು ಕೀಂಯ್ ಅಂದು ಎಲ್ಲ ಆಫ್ ಆಗುತ್ತಿತ್ತು, ಯಾಕಂದರೆ ಕಾರ್ಡ್ ಒಮ್ಮೊಮ್ಮೆ ಜಿಗಿದು ಅದರ ಮಿತಿ ದಾಟುತ್ತಿತ್ತು. ದೊಡ್ಡ ಯುಪಿಎಸ್‌ಗೆ ಐದಾರು ಸಾವಿರ ಇಡಬೇಕು ಅಂತ ಲೆಕ್ಕ ಹಾಕಿದ್ದೆ. ಅಂಡರ್‌ವೋಲ್ಟ್ ಆದ ಮೇಲೆ ಅದೇ ಹಳೇ ಡಬ್ಬ ಆಟ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ತಡೆಯುತ್ತದೆ. ನನಗೆ ಲಾಭ ಆದದ್ದು ಅಲ್ಲಿ.

ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಫ್ಯಾನ್ ಎಷ್ಟು ತಿರುಗಬೇಕು ಅನ್ನುವ ಗೆರೆ) ಕೇಳುತ್ತೀರಿ ಅಂತ ಗೊತ್ತು, ಹೇಳುವುದಿಲ್ಲ. 60 ಮತ್ತು 70 ಡಿಗ್ರಿ ನಡುವೆ ಒಂದು ಕಡೆ ನಾನು ಹಾಕಿದ ಬಾಗು ಇದೆ, ಅದರಿಂದಲೇ ಸದ್ದು ಕಮ್ಮಿ ಆದದ್ದು. ಮೆಮೊರಿ ಎಷ್ಟು ಏರಿಸಿದ್ದೇನೆ ಅನ್ನುವುದೂ ನನ್ನಲ್ಲೇ ಇರಲಿ, ಒಂದೊಂದು ಕಾರ್ಡಿಗೆ ಒಂದೊಂದು, ನಿಮ್ಮದು ಕೆಟ್ಟರೆ ಬೈಗುಳ ನನಗೆ.

850, 1830 ಕೂಡ ನನ್ನ ಚಿಪ್ಪಿನ ಅಂಕಿ. ಅದೇ ಮಾಡೆಲ್ ಇನ್ನೊಂದು ಕಾರ್ಡಿಗೆ 875 ಬೇಕಾಯಿತು. 900ರಿಂದ ಶುರು ಮಾಡಿ ಕೆಳಗೆ ಬನ್ನಿ. ಎಎಂಡಿ ಕಾರ್ಡ್‌ನವರು ಈ ಅಂಕಿಗಳನ್ನು ನೋಡಲೇಬೇಡಿ, ಎಎಂಡಿಯ ಅಡ್ರಿನಲಿನ್ ಸಾಫ್ಟ್‌ವೇರ್ ಸ್ಲೈಡರ್‌ನಲ್ಲಿ ಇಟ್ಟ ವೋಲ್ಟೇಜ್‌ಗೂ ಕಾರ್ಡ್ ನಿಜವಾಗಿ ಎಳೆಯುವುದಕ್ಕೂ ನೇರ ಸಂಬಂಧ ಇಲ್ಲ. ಗೆಳೆಯನ ಆರ್‌ಎಕ್ಸ್ 6600 ಒಂದು ಸದ್ಯ ನನ್ನ ಮೇಜಿನ ಮೇಲಿದೆ. ಅದು ಮೊದಲೇ 132 ವ್ಯಾಟಿನ ಪಾಪದ ಕಾರ್ಡ್, ಇಳಿಸಿದರೂ ದೊಡ್ಡ ಲಾಭ ಬರಲಿಕ್ಕಿಲ್ಲ. ಅವನಿಗೆ ಹಾಗೆಂದರೆ ನಂಬುವುದಿಲ್ಲ, "ನಿನ್ನದಕ್ಕೆ ಆಗ್ತದೆ, ನಂದಕ್ಕೆ ಆಗುದಿಲ್ವಾ?" ಅಂತ ಕೇಳುತ್ತಾನೆ.