ಚೌಕಿಗೆ ಬೇಕಾಗಿದ್ದ ಕ್ಯಾಮೆರಾ ಕೈಗೆ ಬಂದ ಬಗೆ

ಹತ್ತು ವರ್ಷದಿಂದ ನಾನು ಯಕ್ಷಗಾನದ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ಫೋಟೊ ತೆಗೆಯುತ್ತಿದ್ದೇನೆ. ರಂಗಸ್ಥಳದ ಫೋಟೊ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ. ನನಗೆ ಇಷ್ಟವಾಗುವುದು ಚೌಕಿ. ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸರಂಥ ಪಾತ್ರಗಳಿಗೆ, ಮುಖದ ಮೇಲೆ ಅಕ್ಕಿಹಿಟ್ಟಿನ ಬಿಳಿ ಚುಟ್ಟಿ ಇಡಲು ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಕಲಾವಿದರು ಕನ್ನಡಿ ಬಿಟ್ಟು ಕಣ್ಣು ತೆಗೆಯುವುದಿಲ್ಲ. ಆಗ ದೊಡ್ಡ ಕ್ಯಾಮೆರಾ ಹಿಡಿದು ಹತ್ತಿರ ಹೋದರೆ, ಶಟರ್ ಟಪ್ ಎಂದರೆ, ಅವರ ಕೈ ಒಂದು ಗಳಿಗೆ ನಿಲ್ಲುತ್ತದೆ. ಅದು ನನಗೆ ತುಂಬಾ ಬೇಜಾರಿನ ವಿಷಯ.

2024ರ ಫೆಬ್ರವರಿ 20ರಂದು ಫ್ಯೂಜಿಫಿಲ್ಮ್ ಕಂಪನಿ ಟೋಕಿಯೊದಲ್ಲಿ ಎಕ್ಸ್100ವಿಐ ಕ್ಯಾಮೆರಾ ತೋರಿಸಿತು. ನನಗೆ ಬೇಕಾಗಿದ್ದು ಇದೇ ಅಂತ ಅವತ್ತೇ ಅನ್ನಿಸಿತು. ತೂಕ 521 ಗ್ರಾಂ. 23 ಎಂಎಂ ಎಫ್/2 ಲೆನ್ಸ್. ಶಟರ್ ಲೆನ್ಸ್‌ನ ಒಳಗೇ ಇರುವುದರಿಂದ ಸದ್ದು ಕೇಳುವುದೇ ಇಲ್ಲ ಅನ್ನಬಹುದು. ಈ ಲೆನ್ಸ್, ಈ ಶಟರ್ ಹಿಂದಿನ ಎಕ್ಸ್100ವಿಯಲ್ಲೂ ಇತ್ತು. ಹೊಸದರಲ್ಲಿ ಕೈ ನಡುಕ ತಡೆಯುವ ಸ್ಟೆಬಿಲೈಸೇಶನ್ ಬಾಡಿಯೊಳಗೇ ಬಂತು, ಸೆನ್ಸರ್ 40 ಮೆಗಾಪಿಕ್ಸೆಲ್ ಆಯಿತು. ಮಂದ ಬೆಳಕಿನಲ್ಲಿ ನಿಧಾನ ಶಟರ್ ಇಟ್ಟು ತೆಗೆಯುವ ನನ್ನಂಥವರಿಗೆ ಸ್ಟೆಬಿಲೈಸೇಶನ್ ಅಂದರೆ ದೊಡ್ಡ ಮಾತು.

ಆದರೆ ಬೇಕು ಅಂದವರು ನಾನೊಬ್ಬನೇ ಅಲ್ವಲ್ಲ. ಹಿಂದಿನ ಮಾಡೆಲ್ಲೇ ಎಷ್ಟೋ ದೇಶಗಳಲ್ಲಿ ಸಿಗದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಅದರದೇ ಅಂಗಡಿ ಬೆಲೆಗಿಂತ ಜಾಸ್ತಿಗೆ ಹೋಗುತ್ತಿತ್ತು. ಹೊಸದು ಬಂದ ಮೇಲೆ ಸರತಿ ಇನ್ನೂ ಉದ್ದವಾಯಿತು.

ಮಾರ್ಚ್ ಮೊದಲ ವಾರ ಬೆಂಗಳೂರಿನ ಒಂದು ಅಂಗಡಿಗೆ ಹತ್ತು ಸಾವಿರ ಮುಂಗಡ ಕಳಿಸಿದೆ. "ಬಂದ ತಕ್ಷಣ ಫೋನ್ ಮಾಡ್ತೀವಿ ಸರ್" ಅಂದರು. ನನ್ನ ಸರತಿ ಎಷ್ಟನೆಯದು ಅಂತ ನಾನು ಕೇಳಲಿಲ್ಲ, ರಸೀದಿಯಲ್ಲಿ ಅವರು ಬರೆಯಲೂ ಇಲ್ಲ. ಮೇ ತಿಂಗಳಲ್ಲಿ ಫೋನ್ ಬಂತು. ಕ್ಯಾಮೆರಾ ಬಂದಿದೆ, ಆದರೆ ಬ್ಯಾಗ್, ಮೆಮೊರಿ ಕಾರ್ಡ್, ಫಿಲ್ಟರ್ ಎಲ್ಲ ಸೇರಿಸಿ ತೆಗೆದುಕೊಂಡರೆ ಮಾತ್ರ ಕೊಡುತ್ತೇವೆ ಅಂದರು. ಎಲ್ಲ ಸೇರಿ ಹದಿನೆಂಟು ಸಾವಿರ ಜಾಸ್ತಿ. ನನ್ನ ಹತ್ತಿರ ಬ್ಯಾಗೂ ಇತ್ತು, ಕಾರ್ಡೂ ಇತ್ತು. ಬೇಡ ಅಂದೆ. ಮುಂಗಡ ವಾಪಸ್ ಬರಲು ಐದು ವಾರ ಹಿಡಿಯಿತು. ಅಷ್ಟರಲ್ಲಿ ಮೇ ಕೊನೆಯ ಪತ್ತನಾಜೆ ದಿನ ಕಳೆದು, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ, ಆ ವರ್ಷದ ತಿರುಗಾಟವೇ ಮುಗಿದುಹೋಗಿತ್ತು. ನನಗೆ ಹೊಟ್ಟೆ ಉರಿದದ್ದು ಹಣಕ್ಕಲ್ಲ, ಕಳೆದುಹೋದ ಆ ರಾತ್ರಿಗಳಿಗೆ.

ಆಗ ಅಮೆರಿಕದಿಂದ ತರಿಸುವ ಯೋಚನೆ ಬಂತು. ತಂಗಿ ನ್ಯೂಜೆರ್ಸಿಯಲ್ಲಿ ಇದ್ದಾಳೆ, ರಜೆಗೆ ಬರುವವಳಿದ್ದಳು. ಇಬ್ಬರೂ ಫೋನಿನಲ್ಲೇ ಲೆಕ್ಕ ಹಾಕಿದೆವು. ಅಲ್ಲಿ ಆಗ ಬೆಲೆ 1,599 ಡಾಲರ್. ಅಲ್ಲಿನ ಮಾರಾಟ ತೆರಿಗೆ 6.625 ಪರ್ಸೆಂಟ್ ಸೇರಿಸಿದರೆ 1,705 ಡಾಲರ್. ಡಾಲರಿಗೆ 83 ರೂಪಾಯಿ ಹಿಡಿದರೂ 1,41,500 ರೂಪಾಯಿ. ವಿಮಾನ ನಿಲ್ದಾಣದಲ್ಲಿ ಆಗ ಸುಂಕವಿಲ್ಲದೆ ತರಬಹುದಾಗಿದ್ದು 50,000 ರೂಪಾಯಿವರೆಗಿನ ಸಾಮಾನು. ಉಳಿದ 91,500ಕ್ಕೆ 38.5 ಪರ್ಸೆಂಟ್ ಸುಂಕ, ಅಂದರೆ 35,000ಕ್ಕೂ ಮೇಲೆ. ಒಟ್ಟು 1,76,000 ದಾಟಿತು. ಇಲ್ಲೇ ಬಿಲ್ ಹಾಕಿಸಿ ಕೊಳ್ಳುವುದಕ್ಕಿಂತ ಏನೂ ಉಳಿಯಲಿಲ್ಲ. "ಸುಂಕ ಯಾರು ಕಟ್ಟುತ್ತಾರೆ, ಕುತ್ತಿಗೆಗೆ ಹಾಕಿಕೊಂಡು ಬನ್ನಿ" ಅಂತ ಹೇಳುವವರು ಸಿಕ್ಕೇ ಸಿಗುತ್ತಾರೆ. ನನ್ನ ಆಸೆಗೆ ತಂಗಿಯನ್ನು ಅಧಿಕಾರಿಗಳ ಮುಂದೆ ನಿಲ್ಲಿಸುವುದು ನನಗೆ ಸರಿ ಕಾಣಲಿಲ್ಲ. ಅದೂ ಅಲ್ಲದೆ ಅಲ್ಲೂ ಸ್ಟಾಕ್ ಇರಲಿಲ್ಲ. ಅವಳೂ ಹೆಸರು ಬರೆಸಿ ಕಾಯಬೇಕಿತ್ತು.

ಇದರ ನಡುವೆ ಒಬ್ಬರು "ಸೀಲ್ ಒಡೆಯದ ಬಾಕ್ಸ್ ಇದೆ, ಮೂವತ್ತು ಸಾವಿರ ಜಾಸ್ತಿ ಕೊಡಿ" ಅಂತ ಮೆಸೇಜ್ ಹಾಕಿದರು. ಆಸೆ ಆಗಿದ್ದು ನಿಜ. ಬಾಕ್ಸಿನ ಆರೂ ಬದಿಯ ಫೋಟೊ ಕಳಿಸಿ ಅಂದೆ. ಎಂಆರ್‌ಪಿ ಚೀಟಿಯೇ ಇರಲಿಲ್ಲ. ಹೊರದೇಶದಿಂದ ಬಂದ ಪ್ಯಾಕ್ ಮಾಡಿದ ಸಾಮಾನನ್ನು ಇಲ್ಲಿ ಮಾರಬೇಕಾದರೆ ಅದರ ಮೇಲೆ ಆಮದು ಮಾಡಿದವರ ಹೆಸರು, ವಿಳಾಸ, ತಿಂಗಳು ವರ್ಷ, ತೆರಿಗೆ ಸೇರಿದ ಎಂಆರ್‌ಪಿ ಇರಲೇಬೇಕು. ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ತೆಗೆದುಕೊಳ್ಳಲೂ ಅಂಗಡಿಯವರಿಗೆ ಹಕ್ಕಿಲ್ಲ. ಚೀಟಿ ಇಲ್ಲ ಅಂದರೆ ಬಾಕ್ಸ್ ಬೇರೆ ದಾರಿಯಲ್ಲಿ ಬಂದಿದೆ ಅಂತಲೇ ಅರ್ಥ. ನಾಳೆ ಲೆನ್ಸ್ ಮೋಟಾರು ಕೈಕೊಟ್ಟರೆ ಯಾರ ಹತ್ತಿರ ಹೋಗುವುದು? ಈ ಕ್ಯಾಮೆರಾದ ಲೆನ್ಸ್ ಬಿಚ್ಚಲು ಬರುವುದಿಲ್ಲ. ಲೆನ್ಸ್ ಕೆಟ್ಟರೆ ಕ್ಯಾಮೆರಾವೇ ಕೆಟ್ಟ ಹಾಗೆ. ಅವರಿಗೆ ಬೇಡ ಅಂತ ಬರೆದು ಫೋನ್ ಕೆಳಗಿಟ್ಟೆ.

ಜೂನ್‌ನಲ್ಲಿ ಮಂಗಳೂರಿನ ಒಂದು ಅಂಗಡಿಗೆ ನಾನೇ ಹೋದೆ. ಸಣ್ಣ ಅಂಗಡಿ. ಮದುವೆ ಫೋಟೊಗ್ರಾಫರ್‌ಗಳಿಗೆ ಕ್ಯಾಮೆರಾ ಬಾಡಿ, ಲೈಟು ಕೊಡುವವರು. ಈ ಸಲ ಕೇಳಬೇಕಾದ್ದನ್ನೆಲ್ಲ ಮೊದಲೇ ಕೇಳಿದೆ. ಇಲ್ಲಿವರೆಗೆ ಎಷ್ಟು ಪೀಸ್ ಬಂದಿದೆ? ನನ್ನ ಮುಂದೆ ಎಷ್ಟು ಜನ? ಬೇಡ ಅನ್ನಿಸಿದರೆ ಮುಂಗಡ ವಾಪಸ್ಸಾ? ಅವರು ಒಂದು ನೋಟ್‌ಬುಕ್ ತೆಗೆದು ನನ್ನ ಕಡೆಗೇ ತಿರುಗಿಸಿದರು.

"ಮಾಷ್ಟ್ರೇ, ಇಲ್ಲಿವರೆಗೆ ಮೂರು ಬಂದದ್ದು. ನಿಮ್ಮ ಮುಂದೆ ಆರು ಜನ ಉಂಟು. ಅದರಲ್ಲಿ ನಾಲ್ಕು ಜನಕ್ಕೆ ಕಪ್ಪೇ ಆಗಬೇಕು."

ನನಗೂ ಕಪ್ಪೇ ಬೇಕಿತ್ತು. ಚೌಕಿಯಲ್ಲಿ ಕಣ್ಣಿಗೆ ಬೀಳದೆ ಇರುತ್ತದೆ ಅಂತ. ಆದರೆ ಬೆಳ್ಳಿ ಬಣ್ಣ ಆದರೂ ಅಡ್ಡಿ ಇಲ್ಲ ಅಂದೆ. ಆ ಒಂದು ಮಾತಿಗೆ ನಾನು ಮೂರನೆಯವನಾದೆ! ಸರತಿ ನಂಬರ್, ಮಾಡೆಲ್, ಎಂಆರ್‌ಪಿ ಮೀರುವುದಿಲ್ಲ, ಬೇರೆ ಸಾಮಾನು ಕಡ್ಡಾಯ ಅಲ್ಲ, ಮುಂಗಡ ವಾಪಸ್ ಕೊಡುತ್ತೇವೆ ಅಂತ ರಸೀದಿಯಲ್ಲೇ ಬರೆದುಕೊಟ್ಟರು. ದೊಡ್ಡ ಊರಿನ ದೊಡ್ಡ ಅಂಗಡಿಗೆ ಸ್ಟಾಕ್ ಜಾಸ್ತಿ ಬರಬಹುದು, ಆದರೆ ಕಾಯುವವರೂ ಅಲ್ಲಿ ಅಷ್ಟೇ ಜಾಸ್ತಿ. ಪುಸ್ತಕ ತೆರೆದು ತೋರಿಸುವ ಅಂಗಡಿಯೇ ನನಗೆ ಒಳ್ಳೆಯದು ಅನ್ನಿಸಿತು. ತಿಂಗಳಿಗೊಮ್ಮೆ ನಾನೇ ಫೋನ್ ಮಾಡುತ್ತಿದ್ದೆ. ಸುಮ್ನೆ ವಿಚಾರಿಸುವುದು, ಅಷ್ಟೇ.

ಅಕ್ಟೋಬರ್ ಮೂರನೇ ವಾರ ಅವರದೇ ಫೋನ್ ಬಂತು. ಹೋಗುವಾಗ ಗೆಳೆಯನ ಎಕ್ಸ್-ಟಿ30 ಕ್ಯಾಮೆರಾದ ಬ್ಯಾಟರಿ ಚಾರ್ಜ್ ಮಾಡಿ ಜೇಬಿಗೆ ಹಾಕಿಕೊಂಡೆ. ಎರಡಕ್ಕೂ ಅದೇ ಎನ್‌ಪಿ-ಡಬ್ಲ್ಯು126ಎಸ್ ಬ್ಯಾಟರಿ. ಬಾಕ್ಸಿನ ಬ್ಯಾಟರಿ ಚಾರ್ಜ್ ಆಗುವವರೆಗೆ ಕಾಯದೆ ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬಾಕ್ಸ್ ಒಡೆಯುವುದರಿಂದ ಹಿಡಿದು ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿದೆ. ಬಾಕ್ಸ್, ಕ್ಯಾಮೆರಾ, ಬಿಲ್ ಮೂರರಲ್ಲೂ ಸೀರಿಯಲ್ ನಂಬರ್ ಒಂದೇ ಇದೆಯಾ ಅಂತ ಓದಿ ನೋಡಿದೆ. ಬಿಲ್ಲಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಬಿಡಿಸಿ ಬರೆದಿತ್ತು. ಆಮೇಲೆ ಲೆನ್ಸ್‌ನ ಕಿಂಡಿ ತೀರಾ ಸಣ್ಣದು ಮಾಡಿ, ಎಫ್/16 ಇಟ್ಟು, ಬಿಳಿ ಗೋಡೆಯ ಫೋಟೊ ತೆಗೆದು ಸ್ಕ್ರೀನ್ ಮೇಲೆ ದೊಡ್ಡದು ಮಾಡಿ ಮೂಲೆ ಮೂಲೆ ನೋಡಿದೆ. ಸೆನ್ಸರ್ ಮೇಲೆ ಧೂಳು ಇದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಲೆನ್ಸ್ ಬಿಚ್ಚಲಾಗದ ಕ್ಯಾಮೆರಾದಲ್ಲಿ ಅದನ್ನು ನಾವೇ ಒರೆಸಲು ಆಗುವುದಿಲ್ಲ. ಒಳ್ಳೆಯದಾಗಿ, ಒಂದು ಚುಕ್ಕೆಯೂ ಇರಲಿಲ್ಲ. ಮಳೆಗಾಲದ ಯೋಚನೆಗೆ 49 ಎಂಎಂ ಫಿಲ್ಟರ್ ಮತ್ತು ಅದನ್ನು ಕೂರಿಸುವ ಅಡಾಪ್ಟರ್ ರಿಂಗ್ ಎರಡನ್ನೂ ಕೊಂಡೆ. ಇವು ಇಲ್ಲದಿದ್ದರೆ ಲೆನ್ಸ್ ಕಡೆಯಿಂದ ನೀರು ತಡೆಯುವುದಿಲ್ಲ. ಬೇಕಾದ ಸಾಮಾನು ಇದು. ಯಾರೂ ಬಲವಂತ ಮಾಡದೆ ನಾನೇ ಕೇಳಿ ತೆಗೆದುಕೊಂಡೆ.

ದೀಪಾವಳಿ ಕಳೆದು ಮೇಳ ಹೊರಟ ಮೇಲೆ, ನವೆಂಬರ್‌ನ ಒಂದು ರಾತ್ರಿ ಚೌಕಿಗೆ ಹೋದೆ. ಅಲ್ಲಿ ಇದ್ದದ್ದು ಎರಡು ಟ್ಯೂಬ್‌ಲೈಟ್. ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಅಂಥ ಬೆಳಕಿನಲ್ಲಿ ಫೋಟೊದ ಮೇಲೆ ಪಟ್ಟೆ ಬರುತ್ತದೆ. ಅದಕ್ಕೆ ಲೆನ್ಸ್ ಒಳಗಿನ ಆ ಲೀಫ್ ಶಟರ್‌ನಲ್ಲೇ 1/50 ಸೆಕೆಂಡ್, ಎಫ್/2, ಐಎಸ್‌ಒ 1600 ಇಟ್ಟೆ. ಬಣ್ಣದ ವೇಷದವರು ಚುಟ್ಟಿ ಇಡುತ್ತಿದ್ದರು. ಅವರ ಪಕ್ಕ, ಒಂದು ಮೊಳ ದೂರದಲ್ಲಿ ಚಾಪೆ ಮೇಲೆ ಕೂತು ನಲವತ್ತು ನಿಮಿಷ ತೆಗೆದೆ. ಅವರ ಕೈ ಒಮ್ಮೆಯೂ ನಿಲ್ಲಲಿಲ್ಲ. ಕಿರೀಟ ಕಟ್ಟಿಸಿಕೊಳ್ಳುವಾಗ ಮಾತ್ರ ನನ್ನ ಕಡೆ ನೋಡಿ, "ಎಂತ ಮಾಷ್ಟ್ರೇ, ಇವತ್ತು ಕ್ಯಾಮೆರಾ ತರ್ಲಿಲ್ವಾ?" ಅಂದರು. ಕೈಯಲ್ಲಿದ್ದದ್ದನ್ನು ಎತ್ತಿ ತೋರಿಸಿದೆ.